61 ಸಿಗ್ನಿ ನೋಡಲು ನನ್ನ ಓಟು ಬೈನಾಕ್ಯುಲರಿಗೆ

ಬದಿಯಡ್ಕದ ನಮ್ಮ ಮನೆಯಲ್ಲಿ ಈಗ ಎರಡೂ ಇವೆ. ನನ್ನ 10×50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಗಾಜಿನದ್ದು), ಭಾವ ಆನ್‌ಲೈನಿನಲ್ಲಿ ತರಿಸಿದ 70 ಮಿ.ಮೀ. ಗಾಜಿನ ಟೆಲಿಸ್ಕೋಪ್. ಭಾವ ಬೇಜಾರು ಮಾಡಿಕೊಂಡರೂ ಸರಿ, 61 ಸಿಗ್ನಿಗೆ ಬೈನಾಕ್ಯುಲರೇ ವಾಸಿ.

1838ರಲ್ಲಿ ಜರ್ಮನಿಯ ಖಗೋಳ ವಿಜ್ಞಾನಿ ಬೆಸೆಲ್ ದೂರ ಅಳೆದು ತೋರಿಸಿದ ನಕ್ಷತ್ರ ಇದು. ಇರುವುದು 11.4 ಜ್ಯೋತಿರ್ವರ್ಷ ಆಚೆ. ನಕ್ಷತ್ರಗಳ ಲೆಕ್ಕದಲ್ಲಿ ನೆರೆಮನೆಯೇ, ಆದರೂ ಮಂಕು. ಅಸಲಿಗೆ ಅದು ಎರಡು ಕಿತ್ತಳೆ ನಕ್ಷತ್ರಗಳ ಜೋಡಿ. ಎರಡೂ ಸೂರ್ಯನಿಗಿಂತ ಚಿಕ್ಕವು, ಬಿಸಿಯೂ ಕಡಿಮೆ. ಎರಡರ ಬೆಳಕು ಕೂಡಿಸಿದರೂ ಸೂರ್ಯನ ಕಾಲು ಭಾಗ ಆದೀತು, ಅಷ್ಟೇ. ಕಾಂತಿಮಾನ 5.2 ಮತ್ತು 6 (ಈ ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು). ಕಾಸರಗೋಡು ಪೇಟೆಯ ಲೈಟಿನ ನಡುವೆ ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ.

ಹುಡುಕುವುದು ಸುಲಭ. ರಾಜಹಂಸ (ಸಿಗ್ನಸ್) ಪುಂಜದ ಡೆನೆಬ್, ಸದ್ರ್, ಗಿಯೆನಾ ಈ ಮೂರು ನಕ್ಷತ್ರಗಳನ್ನು ಮೂಲೆಗಳೆಂದು ಇಟ್ಟುಕೊಂಡು ವಾರೆ ಚೌಕ ಎಳೆದರೆ ನಾಲ್ಕನೇ ಮೂಲೆಯ ಹತ್ತಿರ ಇದು ಸಿಗುತ್ತದೆ. ಮಳೆ ಬಿಟ್ಟ ಮೇಲೆ, ನವೆಂಬರಿನಲ್ಲಿ ಕತ್ತಲಾದ ಕೂಡಲೇ ವಾಯವ್ಯಕ್ಕೆ ನೋಡಿ. ಅಡಿಕೆ ಮರಗಳ ತಲೆಗಿಂತ ಸಾಕಷ್ಟು ಮೇಲೆ ಇರುತ್ತದೆ.

ಟೆಲಿಸ್ಕೋಪಿನ ತಕರಾರು ಗಾಜಿನದ್ದಲ್ಲ, ಸ್ಟ್ಯಾಂಡಿನದ್ದು. ನಕ್ಷತ್ರವನ್ನು ನಡುವಿಗೆ ತಂದು ಸ್ಕ್ರೂ ಬಿಗಿ ಮಾಡಿ ಕೈ ಬಿಟ್ಟರೆ ಸಾಕು, ಕೊಳವೆ ಚೂರು ಕೆಳಗೆ ಜಗ್ಗುತ್ತದೆ. ನಕ್ಷತ್ರ ಮಾಯ! ಜಗ್ಗುವುದನ್ನು ಲೆಕ್ಕ ಹಾಕಿ ಸ್ವಲ್ಪ ಮೇಲಕ್ಕೇ ಇಟ್ಟು ಬಿಗಿ ಮಾಡಿದರೆ, ಆ ಹೊತ್ತಿಗೆ ಮಾತ್ರ ಅದು ಜಗ್ಗುವುದೇ ಇಲ್ಲ. ಗುರಿ ಹುಡುಕಲು ಜೊತೆಗಿರುವ ಪುಟ್ಟ ದುರ್ಬೀನು, ಅಂದರೆ ಫೈಂಡರಿನಲ್ಲಿ ಆಕಾಶ ತಲೆಕೆಳಗು, ಕಣ್ಣಿಡುವ ಗಾಜು ಐಪೀಸಿನಲ್ಲಿ ಎಡಬಲ ಅದಲುಬದಲು. ಅಂದಾಜಿನ ಮೇಲೆ ತಿರುಗಿಸಿದರೆ ಬೇರೆ ಯಾವುದೋ ಚುಕ್ಕಿ ಬಂದು ಕೂರುತ್ತದೆ.

ಫೋಕಸ್ ಗುಂಡಿ ಮುಟ್ಟಿದರೂ ನಡುಕ. ಅದು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕು. 70 ಪಟ್ಟಿನ ಐಪೀಸ್ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಭೂಮಿ ತಿರುಗಿ ನಕ್ಷತ್ರವೇ ಅಂಚು ದಾಟುತ್ತದೆ. ಮತ್ತೆ ಸ್ಕ್ರೂ, ಮತ್ತೆ ಜಗ್ಗು.

ಆದರೆ ಬಣ್ಣದಲ್ಲಿ ಟೆಲಿಸ್ಕೋಪಿಗೇ ಗೆಲುವು, ಒಪ್ಪಲೇಬೇಕು. ಮಂಕು ಬೆಳಕಿನಲ್ಲಿ ಕಣ್ಣಿಗೆ ಬಣ್ಣ ಗೊತ್ತಾಗುವುದು ಕಷ್ಟ. ದೊಡ್ಡ ಗಾಜು ಜಾಸ್ತಿ ಬೆಳಕು ಹಿಡಿಯುವುದರಿಂದ 28 ಪಟ್ಟಿನಲ್ಲಿ ಎರಡೂ ಚುಕ್ಕಿಗಳು ಚೆನ್ನಾಗಿ ಕಿತ್ತಳೆಯಾಗಿ ಕಂಡವು. ಬೈನಾಕ್ಯುಲರಿನಲ್ಲಿ ಬರೀ ಹಳದಿ ಛಾಯೆ. ಫೋಕಸ್ ಒಂಚೂರು ಕೆಡಿಸಿದರೆ ಬಣ್ಣ ಹೆಚ್ಚು ತಿಳಿಯುತ್ತದೆ.

ಜೋಡಿಯನ್ನು ಬೇರೆ ಮಾಡಿ ನೋಡಲು ಬೈನಾಕ್ಯುಲರ್ ಸಾಕು. ಮೊಣಕೈಯನ್ನು ತಾರಸಿಯ ಕಟ್ಟೆಗೆ ಊರಿದರೆ ಆಯಿತು. ಕತ್ತು ನೋಯುತ್ತದೆ, ಅಷ್ಟೇ.

ಶನಿಯ ಬಳೆ ನೋಡಬೇಕೆನ್ನುವವರು ಟೆಲಿಸ್ಕೋಪನ್ನೇ ಕೊಳ್ಳಿ, ಸ್ಟ್ಯಾಂಡಿಗೆ ಮಾತ್ರ ಕಂಜೂಸಿ ಬೇಡ. ನನಗೆ ಸಿಗುವುದು ಊಟಕ್ಕೆ ಕರೆಯುವ ಮುಂಚಿನ ಸ್ವಲ್ಪ ಹೊತ್ತು. ಬೈನಾಕ್ಯುಲರಿಗೆ ಕೊಟ್ಟದ್ದೂ ಭಾವನ ಖರ್ಚಿನ ಅರ್ಧಕ್ಕಿಂತ ಕಡಿಮೆ.