ಸ್ಪ್ಯಾನಿಷ್ ಕಲಿಯೋಕೆ ಬಾರ್ಸಿಲೋನಾ? ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಕಾಲೇಜಿನಲ್ಲಿ ಸ್ಪ್ಯಾನಿಷ್ ತೆಗೆದುಕೊಂಡು, ಒಂದು ಸೆಮಿಸ್ಟರ್ ಹೊರಗೆ ಓದಬೇಕು ಎಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ಕನ್ಸಲ್ಟೆನ್ಸಿಗೆ ಹೋದರೆ ಮೊದಲು ಬರುವ ಹೆಸರು ಬಾರ್ಸಿಲೋನಾ. ನನಗೂ ಅದನ್ನೇ ತೋರಿಸಿದರು. "ಮ್ಯಾಡ್ರಿಡ್ ಆದರೇನು, ಬಾರ್ಸಿಲೋನಾ ಆದರೇನು, ಎಲ್ಲಾ ಸ್ಪೇನೇ ಅಲ್ವಾ ಮೇಡಂ?" ಎಂದರು. ಪಾಠ ಸ್ಪ್ಯಾನಿಷ್‌ನಲ್ಲೇ ನಡೆಯುತ್ತದಾ ಎಂದು ನಾನು ಬಿಡಿಸಿ ಕೇಳಿದೆ. ಹೌದು ಎಂದು ಇಮೇಲ್‌ನಲ್ಲೇ ಬರೆದು ಕಳಿಸಿದರು. ಆಮೇಲೆ ಫೀಸ್ ಕಟ್ಟಿಸಿಕೊಂಡರು.

ಬಾರ್ಸಿಲೋನಾ ಇರುವುದು ಕಾತಲೋನಿಯಾದಲ್ಲಿ. ಅಲ್ಲಿ ಸ್ಪ್ಯಾನಿಷ್ ಜೊತೆ ಕಾತಲಾನ್ ಕೂಡ ಅಧಿಕೃತ ಭಾಷೆ. ಅದು ಸ್ಪ್ಯಾನಿಷ್‌ನ ಉಪಭಾಷೆ ಅಲ್ಲ, ಬೇರೆಯೇ ಭಾಷೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ತರಗತಿಗಳು ಬಹಳಷ್ಟು ಕಾತಲಾನ್‌ನಲ್ಲೇ ನಡೆಯುತ್ತವೆ. ಕಲಿಯೋಕೆ ಬಂದವರಿಗೆ ಇದು ಮೊದಲು ಗೊತ್ತಾಗಬೇಕಾದ ಸಂಗತಿ. ನನಗೆ ಗೊತ್ತಾಗಿದ್ದು ತರಗತಿಯಲ್ಲಿ ಕೂತ ಮೇಲೆ.

ಇತಿಹಾಸದ ಕ್ಲಾಸು. ಮೇಷ್ಟ್ರು ಒಳಗೆ ಬಂದು "ಬೋನ್ ದೀಯಾ" ಎಂದರು. ಸರಿ, ನಮಸ್ಕಾರಕ್ಕೆ ಮಾತ್ರ ಇರಬೇಕು ಎಂದುಕೊಂಡೆ. ಸ್ಲೈಡ್ ಬಂತು, ಅದೂ ಕಾತಲಾನ್. ಕೈಗೆ ಕೊಟ್ಟ ವೇಳಾಪಟ್ಟಿಯಲ್ಲಿ ಸೋಮವಾರಕ್ಕೆ ನಾನು ಕಲಿತ 'ಲೂನೆಸ್' ಇರಲಿಲ್ಲ, 'ದಿಲ್ಲುನ್ಸ್' ಎಂದಿತ್ತು. ಓದಿದರೆ ಅರ್ಧಂಬರ್ಧ ಅರ್ಥ ಆಗುತ್ತಿತ್ತು, ಕೇಳಿದರೆ ತಲೆಬುಡ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿದ್ದ ಇಟಲಿಯ ಹುಡುಗಿ ನನ್ನ ಮುಖ ನೋಡಿ ನಕ್ಕಳು. ಅವಳ ಕಥೆಯೂ ಅದೇ. ಕ್ಲಾಸು ಮುಗಿದ ಮೇಲೆ ಹೋಗಿ ಕೇಳಿದೆವು. ಮೇಷ್ಟ್ರು ಒಳ್ಳೆಯವರೇ. ಉತ್ತರ ಪತ್ರಿಕೆ ಸ್ಪ್ಯಾನಿಷ್‌ನಲ್ಲಿ ಬರೆಯಿರಿ, ತೊಂದರೆ ಇಲ್ಲ ಎಂದರು. ಆದರೆ ಪಾಠದ ಭಾಷೆಯನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಪ್ರಕಟಿಸಿರುತ್ತೇವೆ, ಇಬ್ಬರಿಗೋಸ್ಕರ ಬದಲಾಯಿಸೋಕೆ ಆಗುವುದಿಲ್ಲ ಎಂದರು.

ಕಾತಲಾನ್ ಜನರ ಮೇಲೆ ನನಗೆ ಒಂಚೂರೂ ಕೋಪ ಇಲ್ಲ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯಲ್ಲಿ, 1975ರಲ್ಲಿ ಅವನು ಸಾಯುವವರೆಗೂ, ಅವರ ಭಾಷೆಗೆ ಶಾಲೆಯಲ್ಲಿ, ಕಚೇರಿಯಲ್ಲಿ ಹೆಚ್ಚುಕಡಿಮೆ ಜಾಗವೇ ಇರಲಿಲ್ಲ. ಈಗ ತಮ್ಮ ವಿಶ್ವವಿದ್ಯಾಲಯದಲ್ಲಿ ತಮ್ಮ ಭಾಷೆ ಇರಲಿ ಎನ್ನುತ್ತಾರೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕನ್ನಡ ಕಲಿಯೋಕೆ ಬಂದವರನ್ನು ಮಂಗಳೂರಿನ ತುಳು ಮಾತಾಡುವ ಮನೆಯಲ್ಲಿ ಇಳಿಸಿದರೆ ಅದು ಮನೆಯವರ ತಪ್ಪಲ್ಲ, ಇಳಿಸಿದವರದ್ದು.

ಕೋಪ ಇರುವುದು ಕನ್ಸಲ್ಟೆನ್ಸಿ ಮೇಲೆ. ಫೋನ್ ಮಾಡಿದರೆ "ಅಡ್ಜಸ್ಟ್ ಮಾಡ್ಕೊಳಿ, ಸಿಟಿ ಚೆನ್ನಾಗಿದೆಯಲ್ಲ" ಎಂದರು. ಊರು ಬದಲಾಯಿಸೋಣ ಎಂದರೆ ಅದೂ ಸುಲಭ ಅಲ್ಲ. ವೀಸಾ ಸಿಕ್ಕಿದ್ದೇ ಆ ವಿಶ್ವವಿದ್ಯಾಲಯದ ಪ್ರವೇಶ ಪತ್ರದ ಮೇಲೆ. ರೂಮಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಸ್ಪ್ಯಾನಿಷ್‌ನಲ್ಲಿದ್ದ ಕೆಲವು ಕ್ಲಾಸುಗಳು ಆಗಲೇ ಭರ್ತಿ. ಕೊನೆಗೆ ಸಂಜೆ ಹೊತ್ತು ಬೇರೆ ದುಡ್ಡು ಕೊಟ್ಟು ಸ್ಪ್ಯಾನಿಷ್ ಭಾಷಾ ಕೋರ್ಸಿಗೆ ಸೇರಿದೆ. ಅಲ್ಲಿ ನಿಜವಾಗಿ ಕಲಿತೆ. ಆದರೆ ಅದಕ್ಕೆ ನಮ್ಮ ಕಾಲೇಜು ಕ್ರೆಡಿಟ್ ಕೊಡಲಿಲ್ಲ. ರೂಮಿನಲ್ಲಂತೂ ಎಲ್ಲರೂ ಹೊರದೇಶದವರು, ಅಡುಗೆಮನೆಯಲ್ಲಿ ಬರೀ ಇಂಗ್ಲಿಷು.

ಬಾರ್ಸಿಲೋನಾ ಒಂದೇ ಅಲ್ಲ. ವಲೆನ್ಸಿಯಾ, ಪಾಲ್ಮಾ ಕಡೆಯೂ ಪಾಠದ ಭಾಷೆ ಕೇಳಿಕೊಂಡೇ ಹೋಗಬೇಕು. ಸಾಂತಿಯಾಗೋ ದೆ ಕೊಂಪೊಸ್ತೇಲಾದಲ್ಲಿ ಗಲೀಸಿಯನ್ ಭಾಷೆ ಇದೆ. ಬಿಲ್ಬಾವೋದಲ್ಲಿ ಬಾಸ್ಕ್, ಅದಕ್ಕೂ ಸ್ಪ್ಯಾನಿಷ್‌ಗೂ ಸಂಬಂಧವೇ ಇಲ್ಲ. ಬರೀ ಸ್ಪ್ಯಾನಿಷೇ ಬೇಕು ಎನ್ನುವವರು ಸಲಮಾಂಕಾ, ವಯ್ಯಾದೊಲಿದ್ ನೋಡಿ. ಸಲಮಾಂಕಾದ ವಿಶ್ವವಿದ್ಯಾಲಯ 1218ರದ್ದು, ಹೊರಗಿನವರಿಗೆ ಸ್ಪ್ಯಾನಿಷ್ ಕಲಿಸುವುದರಲ್ಲಿ ಹೆಸರು ಮಾಡಿದೆ. ಗ್ರನಾದಾ ಖರ್ಚಿಗೆ ಹಗುರ, ಆದರೆ ಅಲ್ಲಿನವರು ಪದದ ಕೊನೆಯ 'ಸ್' ನುಂಗುತ್ತಾರೆ, ಕಿವಿ ಹೊಂದಿಕೊಳ್ಳಲು ಸಮಯ ಬೇಕು.

ಲ್ಯಾಟಿನ್ ಅಮೆರಿಕಾ ಎಂದರೆ ಇನ್ನೊಂದು ಲೆಕ್ಕ. ಅರ್ಜೆಂಟೀನಾ, ಚಿಲಿಯಲ್ಲಿ ಓದಿನ ವರ್ಷ ಶುರುವಾಗುವುದೇ ಮಾರ್ಚ್ ಹೊತ್ತಿಗೆ. ನಮ್ಮ ಜನವರಿ ಸೆಮಿಸ್ಟರ್ ಅದಕ್ಕೆ ಕೂರುವುದಿಲ್ಲ. ಚಿಲಿಯವರ ಮಾತಿನ ವೇಗಕ್ಕೆ ಪಕ್ಕದ ದೇಶದವರೇ ತಮಾಷೆ ಮಾಡುತ್ತಾರೆ. ಕೊಲಂಬಿಯಾದ ಬೊಗೋಟಾದವರ ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ. ಆದರೆ ಊರು 2,600 ಮೀಟರ್ ಎತ್ತರದಲ್ಲಿದೆ, ಮೊದಲ ವಾರ ಮೆಟ್ಟಿಲು ಹತ್ತಿದರೂ ಏದುಸಿರು ಬರಬಹುದು.

ಕನ್ಸಲ್ಟೆನ್ಸಿಯವರ ಇಮೇಲ್ ಸಾಕು ಎಂದು ಸುಮ್ನೆ ಇರಬೇಡಿ. ನೀವು ಓದುವ ವಿಷಯದ ಪುಟವನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲೇ ತೆರೆದು ನೋಡಿ. ಪಾಠದ ಭಾಷೆ ಯಾವುದು ಎಂದು ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತದೆ. ಒಂದೇ ವಿಷಯಕ್ಕೆ ಎರಡು ಮೂರು ಗುಂಪು ಇದ್ದರೆ ಒಂದೊಂದು ಗುಂಪಿಗೆ ಒಂದೊಂದು ಭಾಷೆ ಇರಬಹುದು, ಹಾಗಾಗಿ ಗುಂಪಿನ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಆ ಪುಟವನ್ನು ನಿಮ್ಮ ಕಾಲೇಜಿನ ಸಂಯೋಜಕರಿಗೆ ಕಳಿಸಿ, ಕ್ರೆಡಿಟ್ ಸಿಗುತ್ತದೆ ಎಂದು ಅವರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಇಷ್ಟಾದ ಮೇಲೆ ವೀಸಾ ಅಪಾಯಿಂಟ್‌ಮೆಂಟ್ ಹಿಡಿಯಿರಿ.