ದುರ್ಗದಲ್ಲಿ ಎರಡು ದಿನದ ಟೆಕ್ನಾಲಜಿ ತರಬೇತಿ: ಅಧ್ಯಕ್ಷರು, ಸದಸ್ಯರು ತಪ್ಪದೆ ಹೋಗಿ

ನಾನು ಚಳ್ಳಕೆರೆ ತಾಲೂಕಿನ ಒಂದು ಗ್ರಾಮ ಪಂಚಾಯ್ತಿ ಅಧ್ಯಕ್ಷೆ. ಓದಿದ್ದು ಪಿಯುಸಿ. ಹೋದ ವಾರ ಚಿತ್ರದುರ್ಗದಲ್ಲಿ ಎರಡು ದಿನದ ತರಬೇತಿಗೆ ಹೋಗಿದ್ದೆ. ಎಐ, ಡ್ರೋನ್, ಸೆನ್ಸರ್ ಅಂತ ದಿನಾ ಕಿವಿಗೆ ಬೀಳುತ್ತದಲ್ಲ, ಅದನ್ನೆಲ್ಲ ನಮ್ಮಂಥ ಜನಪ್ರತಿನಿಧಿಗಳಿಗೆ ಅರ್ಥ ಮಾಡಿಸುವ ತರಬೇತಿ. ಬೆಂಗಳೂರಿನ ಒಂದು ಸಣ್ಣ ತಂಡ ನಡೆಸಿತು. ತಲೆಗೆ 500 ರೂಪಾಯಿ, ಮಧ್ಯಾಹ್ನದ ಊಟ ಸೇರಿ.

ಹಿಂದೊಮ್ಮೆ ಇಂಥದ್ದೇ ಇನ್ನೊಂದಕ್ಕೆ ಹೋಗಿದ್ದೆ. ಇಡೀ ದಿನ ಇಂಗ್ಲಿಷ್ ಸ್ಲೈಡು. ಬ್ಯಾಗು, ಪೆನ್ನು ಕೊಟ್ಟು ಕಳಿಸಿದರು. ಆಮೇಲೆ ಮೂರು ತಿಂಗಳಿಗೆ ಒಂದು ಕಂಪನಿಯವರು ಬಂದು ಓವರ್‌ಹೆಡ್ ಟ್ಯಾಂಕಿಗೆ ಸೆನ್ಸರ್ ಹಾಕಿಸಿ ಮೇಡಂ, ನೀರು ಎಷ್ಟಿದೆ ಅಂತ ಮೊಬೈಲಲ್ಲೇ ಕಾಣುತ್ತದೆ ಅಂದರು. ಜಲ ಜೀವನ್ ಮಿಷನ್ನಿನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು, ಲೆಕ್ಕಕ್ಕೆ ಅನುಕೂಲ ಆಗುತ್ತದೆ ಅಂತ ನಾನೂ ಒಪ್ಪಿದೆ. ಒಂದು ವರ್ಷ ಚೆನ್ನಾಗಿಯೇ ಓಡಿತು. ಆ ಸೆನ್ಸರಿನ ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ, ಅದಕ್ಕೆ ರೀಚಾರ್ಜ್ ಮಾಡಿಸಬೇಕು, ಎರಡನೇ ವರ್ಷದಿಂದ ಅದು ಪಂಚಾಯ್ತಿ ಖರ್ಚು ಅನ್ನೋದು ನನಗೆ ಗೊತ್ತಾಗಿದ್ದು ಅದು ನಿಂತ ಮೇಲೆ. ವಾಟರ್‌ಮ್ಯಾನ್ ಮತ್ತೆ ಏಣಿ ಹತ್ತಿ ನೋಡುತ್ತಿದ್ದಾನೆ. ಸಹಿ ಹಾಕಿದ್ದು ನಾನು. ಯಾವ ಪ್ರಶ್ನೆ ಕೇಳಬೇಕು ಅಂತಲೇ ಗೊತ್ತಿರಲಿಲ್ಲ.

ಅದಕ್ಕೇ ಈ ತರಬೇತಿ ನನಗೆ ಹಿಡಿಸಿತು. ಇಲ್ಲಿ ಯಾರೂ ನಮ್ಮನ್ನು ಇಂಜಿನಿಯರ್ ಮಾಡಲು ಹೋಗಲಿಲ್ಲ. ಸಹಿ ಹಾಕುವ ಮುಂಚೆ ಏನು ಕೇಳಬೇಕು ಅಂತ ಕಲಿಸಿದರು.

ಮೊದಲ ದಿನ ಬೆಳಗ್ಗೆ ಎಐ. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟರು. ಬೋರ್ಡಿನ ಮೇಲೆ 'ಬೆಳಗ್ಗೆ ಎದ್ದು ಮುಖ...' ಅಂತ ಬರೆದು, ಮುಂದಿನ ಪದ ಬರೆಯಿರಿ ಅಂದರು. ಎಲ್ಲರೂ 'ತೊಳೆದೆ' ಅಂತಲೇ ಬರೆದಿದ್ದೆವು. ಆಮೇಲೆ 'ಪಕ್ಕದ ಪಂಚಾಯ್ತಿಯಲ್ಲಿ ಈ ವರ್ಷ ವಸೂಲಾದ ಕಂದಾಯ...' ಅಂತ ಬರೆದರು. ಒಬ್ಬರು 4 ಲಕ್ಷ, ಒಬ್ಬರು 7 ಲಕ್ಷ, ನಾನು 5 ಲಕ್ಷ. ಯಾರಿಗೂ ಗೊತ್ತಿಲ್ಲ, ಆದರೂ ಚೀಟಿ ಮಾತ್ರ ಯಾರೂ ಖಾಲಿ ಬಿಟ್ಟಿರಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಎಐ ಇದೆಯಲ್ಲ, ಚಾಟ್‌ಜಿಪಿಟಿ, ಅದು ಮಾಡೋದೂ ಇದನ್ನೇ ಅಂದರು. ಲೆಕ್ಕವಿಲ್ಲದಷ್ಟು ಬರಹ ಓದಿ, ಒಂದು ಪದದ ಮುಂದೆ ಯಾವ ಪದ ಬರಬಹುದು ಅಂತ ಅಂದಾಜು ಮಾಡುತ್ತದೆ. ಗೊತ್ತಿರುವ ವಿಷಯವಾದರೆ ಸರಿಯಾಗಿ ಬರುತ್ತದೆ, ಗೊತ್ತಿಲ್ಲದಿದ್ದರೂ ಅಷ್ಟೇ ಧೈರ್ಯವಾಗಿ ಹೇಳಿಬಿಡುತ್ತದೆ. 2022ರ ನವೆಂಬರಿನಲ್ಲಿ ಬಂದಾಗಿನಿಂದ ಇದರ ಬಗ್ಗೆ ಎಷ್ಟು ವಿಡಿಯೋ ನೋಡಿದ್ದೇನೋ, ಅರ್ಥ ಆಗಿದ್ದು ಆ ಚೀಟಿಯಿಂದ. ಈಗ ಯಾರಾದರೂ ಎಐ ಬರೆದ ವರದಿ ತಂದರೆ, ಇದರಲ್ಲಿರುವ ಅಂಕಿ ಎಲ್ಲಿಂದ ಬಂತು, ಮೂಲ ದಾಖಲೆ ತೋರಿಸಿ ಅಂತ ಕೇಳುತ್ತೇನೆ.

ಮಧ್ಯಾಹ್ನ ಒಬ್ಬ ಸದಸ್ಯರ ಒಪ್ಪಿಗೆ ತಗೊಂಡು ಅವರ ದನಿ ರೆಕಾರ್ಡ್ ಮಾಡಿಕೊಂಡರು, ಒಂದು ನಿಮಿಷವೂ ಇರಲಿಲ್ಲ. ಟೀ ಕುಡಿದು ಬರುವಷ್ಟರಲ್ಲಿ ಅದೇ ದನಿಯಲ್ಲಿ 'ಆ ಬಿಲ್ಲು ಇವತ್ತೇ ಪಾಸ್ ಮಾಡಿಬಿಡಿ' ಅಂತ ಸ್ಪೀಕರಿನಲ್ಲಿ ಕೇಳಿಸಿತು. ಹಾಲ್ ಪೂರ್ತಿ ಸುಮ್ಮನಾಯಿತು. ಫೋನಿನಲ್ಲಿ ಯಾರೇ ದುಡ್ಡಿನ ಮಾತು ಆಡಿದರೂ ಫೋನ್ ಇಟ್ಟು, ನಮ್ಮ ಹತ್ತಿರ ಇರುವ ನಂಬರಿಗೆ ನಾವೇ ತಿರುಗಿ ಮಾಡಬೇಕು ಅಂತ ಹೇಳಿಕೊಟ್ಟರು. ಇದರ ಜೊತೆಗೇ ಡಿಜಿಟಲ್ ಸಹಿಯ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪೆನ್‌ಡ್ರೈವ್ ಥರದ್ದು) ಯಾರ ಹತ್ತಿರ ಇದೆ ಅಂತ ಕೇಳಿದರು. ನನ್ನದು ಪಂಚಾಯ್ತಿ ಆಫೀಸಿನ ಡ್ರಾಯರಿನಲ್ಲಿತ್ತು, ಪಿನ್ ಬೇರೆಯವರಿಗೂ ಗೊತ್ತಿತ್ತು. ಅದು ನನ್ನ ಸಹಿಯೇ ಅಲ್ವಾ? ತರಬೇತಿ ಮುಗಿದ ಮಾರನೇ ದಿನವೇ ಪಿನ್ ಬದಲಿಸಿ ಮನೆಗೆ ತಂದಿಟ್ಟುಕೊಂಡೆ.

ಡ್ರೋನ್ ಪಾಠ ಎರಡನೇ ದಿನ. ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ಕ್ಕೆ ಶುರುವಾಗಿದ್ದು, ಊರಿನ ಮನೆ ಜಾಗಗಳನ್ನು ಡ್ರೋನಿನಿಂದ ಅಳೆದು ಹಕ್ಕಿನ ಕಾರ್ಡ್ ಕೊಡುವುದು. ಡ್ರೋನ್ ಹಾರುವ ಮುಂಚೆ ಗಡಿಗೆ ಸುಣ್ಣದ ಗೆರೆ ಎಳೆಯುತ್ತಾರೆ, ಮೇಲಿನಿಂದ ತೆಗೆದ ಫೋಟೋದಲ್ಲಿ ಆ ಬಿಳಿ ಗೆರೆಯೇ ಗಡಿ. ಅಂದರೆ ಗೆರೆ ಎಳೆಯುವಾಗ ಅಕ್ಕಪಕ್ಕದ ಇಬ್ಬರೂ ಎದುರಿಗಿರಬೇಕು. ಒಬ್ಬ ಮುದುಕಿಯ ಜಾಗದಲ್ಲಿ ಎರಡು ಅಡಿ ಒಳಗೆ ಗೆರೆ ಎಳೆದರೆ ಎಷ್ಟು ಒಳ್ಳೆ ಕ್ಯಾಮೆರಾ ಇದ್ದರೂ ಅವಳ ಎರಡು ಅಡಿ ಹೋಯಿತು. ಅಧ್ಯಕ್ಷರ ಕೆಲಸ ಇರುವುದು ಆ ಸುಣ್ಣದ ಹತ್ತಿರ. ಈ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ನಮ್ಮ ತಾಲೂಕಿನವರಿಗೆ ಇದೆಲ್ಲ ದೂರದ ಮಾತಲ್ಲ. ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ ಇದೆ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒದವರ ಪರೀಕ್ಷಾ ನೆಲೆ ಇದೆ. 2023ರ ಏಪ್ರಿಲ್ 2ಕ್ಕೆ ಇಸ್ರೋದವರು ಬಾಹ್ಯಾಕಾಶಕ್ಕೆ ಮತ್ತೆ ಮತ್ತೆ ಬಳಸಬಹುದಾದಂಥ ತಮ್ಮ ರೆಕ್ಕೆಯ ವಾಹನದ ಮಾದರಿಯನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ತಾನಾಗಿಯೇ ದಾರಿ ನೋಡಿಕೊಂಡು ಇಳಿದಿದ್ದು ಆ ನೆಲೆಯ ರನ್‌ವೇ ಮೇಲೆ. 2024ರಲ್ಲಿ ಇನ್ನೂ ಎರಡು ಸಲ ಇಳಿಸಿದರು. ಊರಿನ ಹುಡುಗರು ಅದು ಹೇಗಮ್ಮ ಇಳಿಯುತ್ತದೆ ಅಂತ ಕೇಳಿದಾಗ ನನಗೆ ಹೇಳಲು ಬಂದಿರಲಿಲ್ಲ. ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ತೀರ್ಮಾನ ಮಾಡುತ್ತದೆ, ರೆಕ್ಕೆಯ ಪಟ್ಟಿ ತಿರುಗುತ್ತದೆ. ಇಷ್ಟು ಈಗ ಹೇಳಬಲ್ಲೆ.

ಕೊರತೆಗಳನ್ನೂ ಹೇಳಬೇಕು. ಬ್ಲಾಕ್‌ಚೈನ್ ಪಾಠ ನನಗಂತೂ ಏನೂ ಅರ್ಥ ಆಗಲಿಲ್ಲ, ಒಂದು ಗಂಟೆ ಹಾಗೇ ಹೋಯಿತು, ಅದನ್ನು ತೆಗೆದು ಆ ಹೊತ್ತನ್ನು ಜನರ ಖಾಸಗಿ ಮಾಹಿತಿ ಕಾಪಾಡುವ 2023ರ ಡೇಟಾ ಕಾಯ್ದೆಗೆ ಕೊಟ್ಟಿದ್ದರೆ ಚೆನ್ನಾಗಿತ್ತು. ಜನರ ಆಧಾರ್, ಫೋನ್ ನಂಬರ್, ಫೋಟೋ ಎಲ್ಲ ನಮ್ಮ ಆಫೀಸಿನಲ್ಲೇ ಇರುತ್ತವೆ, ಅದಕ್ಕೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಕನ್ನಡದಲ್ಲಿ ಮಾತಾಡಿದರೆ ಬರೆದುಕೊಳ್ಳುವ ಆಪ್ ತೋರಿಸಿದರು, ಪುಸ್ತಕದ ಕನ್ನಡಕ್ಕೆ ಸರಿಯಾಗಿ ಬರೆಯಿತು, ನಮ್ಮ ಮೊಳಕಾಲ್ಮೂರಿನ ಸದಸ್ಯೆಯೊಬ್ಬರು ಊರಿನ ಮಾತಿನಲ್ಲಿ ನೀರಿನ ದೂರು ಹೇಳಿದರೆ ಏನೇನೋ ಬರೆಯಿತು. ತರಬೇತಿಯವರು ಅದನ್ನು ಮುಚ್ಚಿಡಲಿಲ್ಲ, ಇದನ್ನು ದೂರು ತಗೊಳ್ಳಲು ಹಾಕುವ ಮುಂಚೆ ನಿಮ್ಮೂರಿನ ಹತ್ತು ಜನರಿಂದ ಮಾತಾಡಿಸಿ ನೋಡಿ ಅಂದರು. ಮನೆಗೆ ಒಯ್ಯಲು ಕನ್ನಡದಲ್ಲಿ ಒಂದು ಪುಟವನ್ನಾದರೂ ಅಚ್ಚು ಹಾಕಿಸಿ ಕೊಡಬೇಕಿತ್ತು. ನಾವೇ ಬರೆದುಕೊಂಡೆವು. ಪಿಡಿಒಗಳು ಬಂದಿದ್ದು ಇಬ್ಬರೇ. ಅಧ್ಯಕ್ಷರು, ಪಿಡಿಒ ಜೋಡಿಯಾಗಿ ಬಂದರಷ್ಟೇ ಸೇರಿಸಿಕೊಳ್ಳುತ್ತೇವೆ ಅಂತ ನಿಯಮ ಮಾಡಿದರೆ ಒಳ್ಳೆಯದು.

ಊಟ ಚೆನ್ನಾಗಿತ್ತು, ಮುದ್ದೆ, ಬಸ್ಸಾರು. ಹಾಲ್‌ನಲ್ಲಿ ಫ್ಯಾನ್ ಸಾಲದು.

ಕೊನೆಯ ಎರಡು ಗಂಟೆ ಎಲ್ಲಕ್ಕಿಂತ ಉಪಯೋಗ. ಒಬ್ಬ ಸದಸ್ಯರು ತಮ್ಮ ಪಂಚಾಯ್ತಿಗೆ ಬಂದಿದ್ದ ಎಐ ಕ್ಯಾಮೆರಾ ಕೊಟೇಶನ್ ತಂದಿದ್ದರು, ಅದನ್ನೇ ಸಾಲು ಸಾಲಾಗಿ ಓದಿಸಿದರು. ಮೂರು ವರ್ಷ ಆದಮೇಲೆ ರಿಪೇರಿ ಯಾರದು, ವಿಡಿಯೋ ಯಾರ ಕಂಪ್ಯೂಟರಿನಲ್ಲಿ ಇರುತ್ತದೆ, ನೆಟ್‌ವರ್ಕ್ ಹೋದರೆ ಏನಾಗುತ್ತದೆ, ತಪ್ಪು ಮನುಷ್ಯನನ್ನು ತೋರಿಸಿದರೆ ಜವಾಬ್ದಾರಿ ಯಾರದು, ನಮ್ಮಷ್ಟೇ ದೊಡ್ಡ ಊರಿನಲ್ಲಿ ಎಲ್ಲಿ ಹಾಕಿದ್ದೀರಿ ಬಂದು ನೋಡಬಹುದಾ. ಒಂದಕ್ಕೂ ಆ ಕಾಗದದಲ್ಲಿ ಉತ್ತರ ಇರಲಿಲ್ಲ. ನನ್ನ ಟ್ಯಾಂಕಿನ ಸೆನ್ಸರ್ ಕಾಗದವೂ ಹಾಗೇ ಇತ್ತು.

ಮುಂದಿನ ಬ್ಯಾಚಿಗೆ ಹೋಗುವವರು ಅಂಥದ್ದೊಂದು ಕೊಟೇಶನ್ನನ್ನು ನೀವೂ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ. ಮುಂದಿನ ಸಾಲಿನಲ್ಲಿ ಕೂರಿ, ಹಿಂದೆ ಮೈಕ್ ಸರಿಯಾಗಿ ಕೇಳಿಸುವುದಿಲ್ಲ.