ಹಳೆ ಪಿಕಪ್‌ಗೆ ಭಾರದ ಟ್ರಾಲಿ ಕಟ್ಟುವವರೇ, ಟೆಂಪರೇಚರ್ ಮುಳ್ಳೊಂದನ್ನೇ ನಂಬಬೇಡಿ

ಪೆಂಡಾಲ್, ಜನರೇಟರ್, ಕಂಪ್ರೆಸರ್ ಕೆಲಸ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ನಮ್ಮಂಥ ಸಣ್ಣ ಧಂದೆಯವರು ಟ್ರ್ಯಾಕ್ಟರ್ ಬದಲು ಹಳೆ ಡೀಸೆಲ್ ಪಿಕಪ್ ಕೊಂಡು ಅದಕ್ಕೇ ಟ್ರಾಲಿ ಕಟ್ಟುವುದುಂಟು. ಬೇಗ ಹೋಗಬಹುದು, ಕೇಬಲ್ಲು ಲೈಟು ಎಲ್ಲ ಹಿಂದೆ ಹಾಕಿಕೊಳ್ಳಬಹುದು. ನಾವೂ ಅದಕ್ಕೇ ಒಂದು ಕೊಂಡೆವು, ಹುಬ್ಬಳ್ಳಿಯಲ್ಲಿ ಹಳೆ ಗಾಡಿ ಮಾರುವ ಒಬ್ಬರ ಹತ್ತಿರ. ಅವರ ಹೆಸರು ಬೇಡ. ಗಾಡಿಗೆ ಅವರು ಏನು ಮಾಡಿಸಿದ್ದರು ಅನ್ನುವುದು ಎಲ್ಲರಿಗೂ ಗೊತ್ತಾಗಬೇಕು.

ನೋಡಲು ಹೋದಾಗ ಗಾಡಿಯಲ್ಲಿ ದೋಷ ಕಾಣಲಿಲ್ಲ. ಬಿಸಿಲಲ್ಲೇ ಬೈಪಾಸ್ ಮೇಲೆ ಓಡಿಸಿದೆವು. ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಕೆಳಗೇ ಇತ್ತು. ಮಾರುವವರು ಅದನ್ನೇ ತೋರಿಸಿದರು. "ನೋಡ್ರೀ ಅಣ್ಣಾರ, ಎಂಜಿನ್ ಎಷ್ಟು ತಂಪೈತಿ. ಎಷ್ಟ್ ಲೋಡ್ ಹಾಕ್ರಿ, ಹೀಟ್ ಆಗಂಗಿಲ್ಲ." ಖಾಲಿ ಗಾಡಿಯ ಆ ತಂಪೇ ಮೋಸದ ಗುರುತಾಗಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜಾತ್ರೆ ಸೀಸನ್ನು. ಮುಂಡರಗಿ ಕಡೆಯ ಹಳ್ಳಿಯೊಂದರಲ್ಲಿ ಲೈಟಿನ ಕೆಲಸ ಒಪ್ಪಿಕೊಂಡಿದ್ದೆವು. ಟ್ರಾಲಿ ಮೇಲೆ 62.5 ಕೆವಿಎ ಜನರೇಟರ್. ಟ್ರಾಲಿ ಸೇರಿ ಸುಮಾರು 2 ಟನ್ ಭಾರ. ನನ್ನ ತಮ್ಮ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ. ಅಣ್ಣಿಗೇರಿ ದಾಟಿ ಗದಗ ಮುಟ್ಟುವ ತನಕ ಏನೂ ತೊಂದರೆ ಇಲ್ಲ. ಎರೆ ಹೊಲದ ಸಪಾಟು ರಸ್ತೆ ಅದು. ಮುಂಡರಗಿ ರಸ್ತೆ ಹಿಡಿದ ಮೇಲೆ ನೆತ್ತಿ ಸುಡುವ ಬಿಸಿಲು, ಹಿಂದಿನಿಂದ ಗಾಳಿ, ಅಲ್ಲಲ್ಲಿ ಉದ್ದನೆಯ ಏರು. ಘಾಟ್ ಏನಲ್ಲ, ಖಾಲಿ ಗಾಡಿಗೆ ಏರು ಅಂತಲೂ ಅನಿಸುವುದಿಲ್ಲ.

ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣತೊಡಗಿದಾಗ ಮುಳ್ಳು ಮೇಲೆ ಹೊರಟಿತು. ತಮ್ಮ ಸ್ಪೀಡ್ ಇಳಿಸಿ, ಟ್ರಾಲಿ ಸಮೇತ ನಿಲ್ಲಿಸಲು ಜಾಗ ಹುಡುಕತೊಡಗಿದ. ಅಷ್ಟರಲ್ಲಿ ಮುಳ್ಳು ಪಟ್ಟನೆ ಕೆಳಗೆ ಬಂತು. "ಅಣ್ಣಾ, ಮುಳ್ಳು ಇಳೀತು ನೋಡು, ತಂಪಾತು" ಅಂದ. ಆದರೆ ಎಂಜಿನ್ ಸದ್ದು ಬದಲಾಗಿತ್ತು, ಎಳೆತ ಕಡಿಮೆಯಾಗಿತ್ತು. ಸ್ವಲ್ಪ ದೂರ ಹೋಗುವುದರೊಳಗೆ ಬಾನೆಟ್ ಸಂದಿಯಿಂದ ಹಬೆ ಎದ್ದಿತು.

ಇಲ್ಲಿ ಒಂದು ನಿಮಿಷ ನಿಲ್ಲಿ. ಮುಳ್ಳು ಹಾಗೆ ಪಟ್ಟನೆ ಇಳಿದರೆ ಎಂಜಿನ್ ತಂಪಾಯಿತು ಅಂತಲ್ಲ, ನೀರು ಖಾಲಿಯಾಯಿತು ಅಂತ. ಸೆನ್ಸರ್ ನೀರಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿ ಹೇಳುತ್ತದೆ. ನೀರು ಹೊರಗೆ ಹೋಗಿ ಅಲ್ಲಿ ಬರೀ ಹಬೆ, ಗಾಳಿ ಉಳಿದರೆ ಅದು ಕಡಿಮೆ ತೋರಿಸುತ್ತದೆ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಒಳಗೆ ಸುಡುತ್ತಲೇ ಇರುತ್ತದೆ. ಭಾರ ಎಳೆಯುವಾಗ ಮೇಲಿದ್ದ ಮುಳ್ಳು ಕಾರಣವಿಲ್ಲದೆ ಬಿದ್ದರೆ ಜಾಗ ಹುಡುಕುತ್ತಾ ಕೂರಬೇಡಿ. ಇಂಡಿಕೇಟರ್ ಹಾಕಿ, ಸೈಡಿಗೆ ತಂದು, ಅಲ್ಲೇ ಎಂಜಿನ್ ಬಂದ್ ಮಾಡಿ.

ತಮ್ಮ ಕೆಳಗಿಳಿದು ರೇಡಿಯೇಟರ್ ಕ್ಯಾಪ್ ಕಡೆ ಕೈ ಚಾಚಿದ್ದ. ಎದುರಿನಿಂದ ಟ್ರ್ಯಾಕ್ಟರ್ ತರುತ್ತಿದ್ದ ಹಿರಿಯರೊಬ್ಬರು ಅಲ್ಲಿಂದಲೇ ಕೂಗಿದರು. "ಏ ತಮ್ಮಾ, ಕ್ಯಾಪಿಗೆ ಕೈ ಹಚ್ಚಬ್ಯಾಡೋ! ಮುಖ ಸುಟ್ಕೋತಿ!" ಅವರ ಊರು ಕೇಳುವಷ್ಟೂ ನಮಗೆ ಪುರುಸೊತ್ತಿರಲಿಲ್ಲ. ಅವರ ಋಣ ನಾನು ಮರೆಯುವುದಿಲ್ಲ. ನೀರು ನಮ್ಮ ಹುಬ್ಬಳ್ಳಿ ಎತ್ತರದಲ್ಲಿ ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಒಳಗೆ ಒತ್ತಡ ಇರುವುದರಿಂದ ಅದಕ್ಕಿಂತ ಬಹಳ ಮೇಲೆ ಹೋದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ಬಿಚ್ಚಿದ ಕ್ಷಣ ಒತ್ತಡ ಹೋಗಿ ಎಲ್ಲ ಒಮ್ಮೆಲೇ ಕುದಿದು ಮೇಲೆ ಚಿಮ್ಮುತ್ತದೆ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಹೆಡ್ ಸೀಳುತ್ತದೆ.

ಜಾತ್ರೆಗೆ ಬೇರೆಯವರ ಜನರೇಟರ್ ಹೋಯಿತು. ನಮ್ಮ ಗಾಡಿಯನ್ನು ಎಳೆಸಿಕೊಂಡು ಗದಗಕ್ಕೆ ತಂದೆವು.

ಗದಗಿನ ಮಿಸ್ತ್ರಿ ಎಂಜಿನ್ ಬಿಚ್ಚಿ ಒಂದೊಂದೇ ತೋರಿಸಿದರು. ಮೊದಲನೆಯದು, ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ವಾಲ್ ಇರಬೇಕಾದ ಜಾಗ ಖಾಲಿ. ಯಾರೋ ಕಿತ್ತು ಹಾಕಿದ್ದರು. ನಮ್ಮ ಕಡೆ ಇದು ಬಹಳ ಹಳೆಯ ಚಾಳಿ. ಗಾಡಿ ಹೀಟ್ ಆಗುತ್ತೆ ಅಂದರೆ ಸಾಕು, "ವಾಲ್ ತಗದ್ ಹಾಕೂಣ್ರಿ" ಅನ್ನುತ್ತಾರೆ. ವಾಲ್ ತೆಗೆದರೆ ಖಾಲಿ ಓಡುವಾಗ ಎಂಜಿನ್ ಬೇಕಾದ ಬಿಸಿಗೇ ಬರುವುದಿಲ್ಲ. ಮುಳ್ಳು ಕೆಳಗೇ ಇರುತ್ತದೆ, ಕೊಳ್ಳುವವರಿಗೆ ಖುಷಿ. ಆದರೆ ಬಹಳ ಡೀಸೆಲ್ ಎಂಜಿನ್‌ಗಳಲ್ಲಿ ಆ ವಾಲಿಗೆ ಎರಡು ಕೆಲಸ ಇದೆ. ಸುಮಾರು 82 ಡಿಗ್ರಿಗೆ ರೇಡಿಯೇಟರ್ ದಾರಿ ತೆರೆಯುವುದು ಒಂದು. ತೆರೆಯುತ್ತಾ ಹೋದಂತೆ ಎಂಜಿನ್ ಒಳಗಿನ ನೀರಿನ ಬೈಪಾಸ್ ದಾರಿ ಮುಚ್ಚುವುದು ಇನ್ನೊಂದು. ವಾಲೇ ಇಲ್ಲದಿದ್ದರೆ ಬೈಪಾಸ್ ಯಾವಾಗಲೂ ತೆರೆದಿರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ವಾಪಸ್ ಎಂಜಿನ್‌ಗೇ ಸುತ್ತುತ್ತದೆ. ಖಾಲಿ ಗಾಡಿಗೆ ಅದು ನಡೆಯುತ್ತದೆ. 2 ಟನ್ ಕಟ್ಟಿದ ದಿನ ನಡೆಯುವುದಿಲ್ಲ.

ಎರಡನೆಯದು ಕೂಲೆಂಟ್, ಅಂದರೆ ಎಂಜಿನ್ ತಂಪಿಡಲು ರೇಡಿಯೇಟರಿಗೆ ಹಾಕುವ ದ್ರವ. ಬಣ್ಣ ಹಸಿರೇ ಇತ್ತು, ಅದು ಬರೀ ಬಣ್ಣ. ಒಳಗಿದ್ದದ್ದು ಬೋರ್ ನೀರು. ನಮ್ಮ ಭಾಗದ ಬೋರ್ ನೀರು ಎಷ್ಟು ಗಡಸು ಅಂತ ನಿಮಗೇ ಗೊತ್ತು. ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ರೇಡಿಯೇಟರ್ ಟ್ಯೂಬಿನಲ್ಲೂ ಹೆಡ್ಡಿನ ನೀರಿನ ದಾರಿಯಲ್ಲೂ ಕಟ್ಟಿತ್ತು. ಕೆಲವು ಟ್ಯೂಬಿನಲ್ಲಿ ತಂತಿಯೂ ಹೋಗಲಿಲ್ಲ. ರೇಡಿಯೇಟರ್ ಮುಂದಿನ ಜಾಳಿಗೆಯಲ್ಲಿ ಹೊಟ್ಟು, ಹತ್ತಿ ಎಳೆ. ನಮ್ಮ ಕಡೆ ರಸ್ತೆ ಮೇಲೇ ರಾಶಿ ಹಾಕುತ್ತಾರಲ್ವಾ, ಅದರ ಮೇಲೆ ಓಡಿದ ಗಾಡಿ ಅಂತ ನೋಡಿದರೇ ತಿಳಿಯುತ್ತಿತ್ತು.

ಮೂರನೆಯದು ಫ್ಯಾನ್. ಅದು ವಿಸ್ಕಸ್ ಫ್ಯಾನ್, ಅಂದರೆ ಎಣ್ಣೆ ತುಂಬಿದ ಕ್ಲಚ್ಚಿನಿಂದ ತಿರುಗುವಂಥದ್ದು. ಒಳಗಿನ ಸಿಲಿಕೋನ್ ಎಣ್ಣೆ ಸೋರಿ ಹೋಗಿ ಸುಮ್ನೆ ತಿರುಗುತ್ತಿತ್ತು, ಗಾಳಿ ಎಳೆಯುತ್ತಿರಲಿಲ್ಲ. ಸುತ್ತಲಿನ ಪ್ಲಾಸ್ಟಿಕ್ ಕವರ್ ಕೂಡ ಇರಲಿಲ್ಲ. ಏರಿನಲ್ಲಿ ನಿಧಾನ ಹೋಗುವಾಗ, ಅದರಲ್ಲೂ ಹಿಂದಿನಿಂದ ಗಾಳಿ ಬೀಸುವಾಗ, ರೇಡಿಯೇಟರಿಗೆ ಗಾಳಿ ಸಿಗುವುದು ಫ್ಯಾನಿನಿಂದ ಮಾತ್ರ. ಇದನ್ನು ಕೊಳ್ಳುವಾಗ ನೀವೇ ನೋಡಬಹುದು. ಗಾಡಿ ಓಡಿಸಿ ಬಿಸಿ ಮಾಡಿ, ಎಂಜಿನ್ ಬಂದ್ ಮಾಡಿ, ಕೀಲಿ ಕೈಯಲ್ಲಿ ಇಟ್ಟುಕೊಂಡು ಫ್ಯಾನ್ ತಿರುಗಿಸಿ. ಬಿಗಿ ಹತ್ತಬೇಕು. ಒಂದು ಸಲ ನೂಕಿದರೆ ಗಿರಗಿರ ತಿರುಗಿತೋ, ಕ್ಲಚ್ ಸತ್ತಿದೆ. ವಿಸ್ಕಸ್ ಬದಲು ಕರೆಂಟಿನ ಫ್ಯಾನ್ ಇರುವ ಗಾಡಿಗೆ ಈ ಪರೀಕ್ಷೆ ಬೇಡ, ಅದು ತಾನಾಗಿಯೇ ಶುರುವಾಗಬಹುದು.

ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಹಾಕುವ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಹೆಡ್ ಅಲ್ಯುಮಿನಿಯಂ, ಬ್ಲಾಕ್ ಬೀಡು ಕಬ್ಬಿಣ. ಬಿಸಿಗೆ ಅಲ್ಯುಮಿನಿಯಂ ಜಾಸ್ತಿ ಹಿಗ್ಗುತ್ತದೆ. ಮಿತಿ ಮೀರಿದರೆ ಹೆಡ್ ಸೊಟ್ಟಗಾಗುತ್ತದೆ. ಅದನ್ನು ಉಜ್ಜಿ ಸಪಾಟು ಮಾಡಿಸಲು (ಫೇಸಿಂಗ್) ಕೊಟ್ಟಾಗ ವಾಲ್ವ್ ಸೀಟುಗಳ ನಡುವೆ ಬಿರುಕು ಕಂಡಿತು. ಹೊಸ ಹೆಡ್ಡೇ ಹಾಕಿಸಬೇಕಾಯಿತು. ಆ ಸೀಸನ್ನಿನ ದುಡಿಮೆ ಅಲ್ಲಿಗೇ ಹೋಯಿತು. ಮಾರಿದವರನ್ನು ಕೇಳಿದರೆ, "ಗಾಡಿ ನೋಡೇ ತಗೊಂಡೀರಿ" ಅಂತ ಒಂದೇ ಮಾತು. ಅವರು ಕೆಲಸ ಮಾಡಿಸಿದ ಗ್ಯಾರೇಜಿನವರು ಫೋನ್ ಎತ್ತುತ್ತಿಲ್ಲ. ದುಡ್ಡು ಹೋದ ಸಂಕಟ ಒಂದು ಕಡೆ. ಅದೇ ಕೈ ಇನ್ನೊಂದು ಗಾಡಿಯ ವಾಲ್ ತೆಗೆದು ಇನ್ನೊಂದು ಮನೆಗೆ ಮಾರುತ್ತಿರಬಹುದು ಅನ್ನುವುದು ನನಗೆ ಅದಕ್ಕಿಂತ ಜಾಸ್ತಿ ಚಿಂತೆ.

ಭಾರ ಎಳೆದರೆ ಬಿಸಿ ಎಷ್ಟು ಏರುತ್ತದೆ ಅನ್ನುವುದು ಜನರೇಟರ್ ಇಟ್ಟವರಿಗೆ ಬೇಗ ಅರ್ಥವಾಗುತ್ತದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್‌ನಷ್ಟು ಶಕ್ತಿ ಇದೆ. ನಮ್ಮ ಸೆಟ್ಟು ಕೊಡುವುದು 3, ಹೆಚ್ಚೆಂದರೆ ಮೂರೂವರೆ ಯೂನಿಟ್. ಉಳಿದದ್ದು ಸೈಲೆನ್ಸರಿನಿಂದ, ರೇಡಿಯೇಟರಿನಿಂದ ಬಿಸಿಯಾಗಿ ಹೊರಗೆ ಹೋಗಬೇಕು. ಪಿಕಪ್ಪಿನಲ್ಲೂ ಅದೇ ಲೆಕ್ಕ. ಟ್ರಾಲಿ ಎಳೆಯಲು ಎರಡರಷ್ಟು ಡೀಸೆಲ್ ಸುಟ್ಟರೆ ಹೊರಗೆ ಹೋಗಬೇಕಾದ ಬಿಸಿಯೂ ಹೆಚ್ಚುಕಡಿಮೆ ಎರಡರಷ್ಟು. ಅದಕ್ಕೇ ಹೇಳುವುದು, ಗಾಡಿ ಕೊಳ್ಳುವ ಮುಂಚೆ ನಿಮ್ಮ ಟ್ರಾಲಿಯನ್ನೇ ಕಟ್ಟಿ, ಮಧ್ಯಾಹ್ನದ ಬಿಸಿಲಲ್ಲಿ, ಏರಿರುವ ರಸ್ತೆಯಲ್ಲಿ ಓಡಿಸಿ ನೋಡಿ. ಖಾಲಿ ಗಾಡಿಯ ಟ್ರಯಲ್ ಯಾವ ಲೆಕ್ಕಕ್ಕೂ ಇಲ್ಲ. ಟ್ರಾಲಿಗೆ ಬೇರೆ ರಿಜಿಸ್ಟ್ರೇಷನ್ ಬೇಕು, ಅದನ್ನೂ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಿಮೆಯವರು ತಕರಾರು ತೆಗೆಯುತ್ತಾರೆ.

ಏರಿನಲ್ಲಿ ದೊಡ್ಡ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ ಎಳೆಸಬೇಡಿ. ಎಂಜಿನ್ ನಿಧಾನ ತಿರುಗಿದರೆ ವಾಟರ್ ಪಂಪೂ ನಿಧಾನ, ಫ್ಯಾನೂ ನಿಧಾನ. ಒಂದು ಗೇರ್ ಇಳಿಸಿ. ಎಸಿ ಇದ್ದರೆ ಬಂದ್ ಮಾಡಿ, ಹೀಟರ್ ಪೂರ್ತಿ ಬಿಡಿ. ಕ್ಯಾಬಿನ್ನಿನಲ್ಲಿ ಬೆವರು ಕಿತ್ತು ಬರುತ್ತದೆ, ಆದರೆ ಅಷ್ಟು ಬಿಸಿ ಎಂಜಿನ್‌ನಿಂದ ಹೋಗುತ್ತದೆ. ಬಿಸಿ ಏರುತ್ತಿದೆ, ನೀರು ಮಾತ್ರ ಸೋರುತ್ತಿಲ್ಲ ಅಂದರೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಸ್ವಲ್ಪ ರೇಸ್ ಕೊಟ್ಟು ನೀರು ಸುತ್ತಲು ಬಿಡಿ. ಹಬೆ ಕಂಡರೆ ಅದು ಬೇಡ, ತಕ್ಷಣ ಬಂದ್.

ನಮ್ಮ ಜನರೇಟರಿಗೆ ನೀರು ಬಿಸಿಯಾದರೆ ತಾನೇ ಬಂದ್ ಆಗುವ ಸ್ವಿಚ್ ಇದೆ. ಅದನ್ನು ಎಳೆಯುವ ಪಿಕಪ್ಪಿಗೆ ಇರಲಿಲ್ಲ. ಈಗ ಹೆಡ್ ಬೋಲ್ಟಿನ ಕೆಳಗೆ ರಿಂಗ್ ಥರ್ಮೋಕಪಲ್ ಕೂರಿಸಿ, ಡಿಜಿಟಲ್ ಮೀಟರ್ ಮತ್ತು ಬಜರ್ ಹಾಕಿಸಿದ್ದೇವೆ. ಇದು ಲೋಹದ ಬಿಸಿ ಅಳೆಯುವುದರಿಂದ ನೀರು ಖಾಲಿಯಾದರೂ ಸುಳ್ಳು ಹೇಳುವುದಿಲ್ಲ. ಹೊಸ ವಾಲ್, ಹೊಸ ಫ್ಯಾನ್ ಕ್ಲಚ್, ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿದ ಸರಿಯಾದ ಕೂಲೆಂಟ್ ಹಾಕಿದ ಮೇಲೆ ಟ್ರಾಲಿ ಕಟ್ಟಿ ಓಡಿಸಿದರೆ ಮೀಟರ್ 90ರ ಆಚೀಚೆ ಇರುತ್ತದೆ. ಬಜರನ್ನು 105ಕ್ಕೆ ಇಟ್ಟಿದ್ದೇವೆ. ಅದು ಕೂಗಿದರೆ ಗಾಡಿ ಸೈಡಿಗೆ ಹಾಕಬೇಕು ಅಂತ ತಮ್ಮನಿಗೂ ಡ್ರೈವರ್ ಹುಡುಗರಿಗೂ ಹೇಳಿಟ್ಟಿದ್ದೇನೆ, ಜಾತ್ರೆಗೆ ತಡವಾದರೂ ಸರಿ.